ಒಂದು ತಾಸು ಹದಿನೇಳು ನಿಮಿಷ

ಹೋದ ಚೈತ್ರದಲ್ಲಿ, ಮರಾಠಿ ಸೀಮೆಯೊಳಗೆ ಸೇರಿದ, ಜತ್ತದ ಹತ್ತಿರದ ಬಿಳೂರಿಗೆ ಹೋಗಿದ್ದೆ. ಅಲ್ಲಿಯ ಕನ್ನಡ ಶಾಲೆಯ ಹಳೆಯ ಎರಡು ಕೋಣೆಗಳನ್ನು ಕೆಡವಿ ಹೊಸದು ಕಟ್ಟುವವರಿದ್ದರು. ಅದಕ್ಕೆ ಮೊದಲು, ಅಲ್ಲಿ ಕಲಿಸಿದ ಮಾಸ್ತರರಲ್ಲಿ ಬದುಕಿ ಉಳಿದವರನ್ನು ಕರೆದು ಶಾಲು ಹೊದಿಸಬೇಕೆಂದು ಊರವರು ಗೊತ್ತುಮಾಡಿದ್ದರು. ಬದುಕಿ ಉಳಿದವರು ನಾನು ಹಿಡಿದು ಇಬ್ಬರೇ. ಇನ್ನೊಬ್ಬರಿಗೆ ನಡೆಯಲು ಆಗುವುದಿಲ್ಲ.

ಶಾಲು ಹೊದಿಸಿದ ಮೇಲೆ ಒಬ್ಬ ತರುಣ ಶಿಕ್ಷಕ ಮೂಲೆಯ ಕಪಾಟು ತೆರೆದು, ಸುತ್ತಿಟ್ಟ ಒಂದು ನಕಾಶೆಯನ್ನು ಹೊರಗೆ ತೆಗೆದು, ಇದು ನಿಮ್ಮ ಕಾಲದ್ದೇ ಇರಬೇಕು ಎನ್ನುತ್ತ ನನ್ನ ಮುಂದೆ ಬಿಚ್ಚಿದ. ಅರಿವೆಗೆ ಅಂಟಿಸಿದ ಹಳೆಯ ಕಾಗದ, ಮೇಲಿನ ವಾರ್ನಿಶು, ಇಲಿಯ ಹಿಕ್ಕೆ, ಸುಣ್ಣದ ಪುಡಿ, ಎಲ್ಲ ಕೂಡಿದ ವಾಸನೆ ಬಂದಿತು. ನಾನು ಕುಳಿತುಬಿಟ್ಟೆ. ಹಳೆಯದನ್ನು ಕಂಡು ಗುರುಗಳಿಗೆ ಎದೆ ತುಂಬಿ ಬಂತೆಂದು ತಿಳಿದು ಅವರು ನೀರು ತಂದುಕೊಟ್ಟರು. ಅದು ಎದೆ ತುಂಬಿ ಬಂದದ್ದಲ್ಲ. ಕಳ್ಳನ ಮುಂದೆ ಕದ್ದ ಒಡವೆಯನ್ನು ತಂದಿಟ್ಟಂತೆ ಆಗಿತ್ತು. ಆ ನಕಾಶೆಯ ಮುಂದೆ ನಿಂತು ನಾನು ಮಾಡಿದ್ದನ್ನು ಇಷ್ಟು ವರ್ಷದಲ್ಲಿ ಒಬ್ಬರಿಗೆ ಮಾತ್ರ ಹೇಳಿದ್ದೇನೆ. ಈಗ ಬರೆಯುತ್ತೇನೆ. ನೆನಪಿದ್ದಷ್ಟನ್ನು ನೆನಪಿದ್ದ ಹಾಗೆ ಬರೆಯುತ್ತೇನೆ, ನನಗೆ ಅನುಕೂಲವಾಗುವಂತೆ ಅಲ್ಲ.

ಅದು ಅರವತ್ತೇಳನೆಯ ಇಸವಿಯ ಜ್ಯೇಷ್ಠ ಮಾಸ. ನನಗೆ ಆಗ ಇಪ್ಪತ್ತೊಂಬತ್ತು ವರ್ಷ. ಬಿಳೂರಿಗೆ ಬಂದು ಏಳು ವರ್ಷವಾಗಿತ್ತು. ರೋಹಿಣಿ ಮಳೆ ಒಂದೆರಡು ಹನಿ ಹಾಕಿ ಹೋಗಿತ್ತು. ಮಿರಗ, ಎಂದರೆ ಮೃಗಶಿರಾ ಮಳೆ, ಹುಟ್ಟಿ ವಾರ ಕಳೆದರೂ ಬರೀ ಗಾಳಿ. ನಮ್ಮ ಕಡೆ ಆ ತಿಂಗಳಲ್ಲಿ ಬೀಸುವ ಗಾಳಿ ಬೇರೆ ಊರಿನವರಿಗೆ ಹೇಳಿದರೆ ತಿಳಿಯುವುದಿಲ್ಲ. ಮೋಡ ಪಡುವಣದಿಂದ ಬರುತ್ತವೆ, ತಲೆಯ ಮೇಲೆ ಹಾಯುತ್ತವೆ, ವಿಜಾಪುರದ ಕಡೆಗೆ ಹೋಗುತ್ತವೆ. ಕೆಳಗೆ ಮಣ್ಣು ಏಳುತ್ತದೆ. ಮಕ್ಕಳ ಪಾಟಿಯ ಮೇಲೆ ಬರೆದ ಅಕ್ಷರ ಧೂಳಿನಲ್ಲಿ ಮುಚ್ಚಿಹೋಗುತ್ತಿತ್ತು.

ಊರಿನಲ್ಲಿ ನನಗೆ ಒಂದು ಹೆಸರಿತ್ತು. ದೂರ ಕೇಳಬೇಕಾದರೆ ನನ್ನನ್ನು ಕೇಳುತ್ತಿದ್ದರು. ಸೈನ್ಯಕ್ಕೆ ಹೋದವನ ತಾಯಿ ಬಂದು ನನ್ನ ಮಗ ಇರುವ ಊರು ಎಷ್ಟು ದೂರ ಎಂದು ಕೇಳುತ್ತಿದ್ದಳು. ಕಾಶಿಗೆ ಹೊರಟವರು ಎಷ್ಟು ದಿನದ ಬುತ್ತಿ ಕಟ್ಟಬೇಕೆಂದು ಕೇಳುತ್ತಿದ್ದರು. ನಾನು ಗೋಡೆಯ ನಕಾಶೆಯ ಮೇಲೆ ದಾರ ಹಿಡಿದು ಅಳೆದು, ಮೂಲೆಯಲ್ಲಿದ್ದ ಅಳತೆಪಟ್ಟಿಗೆ ಆ ದಾರವನ್ನು ಹೊಂದಿಸಿ, ಇಷ್ಟು ಎಂದು ಹೇಳುತ್ತಿದ್ದೆ. ಪುಣೆಯ ಆಚೆಗೆ ನಾನು ಕಾಲಿಟ್ಟವನಲ್ಲ. ಆದರೂ ದಾರ ಹಿಡಿದಾಗ ದೇಶವೆಲ್ಲ ನನ್ನ ಎರಡು ಬೆರಳಿನ ನಡುವೆ ಇದೆ ಎಂಬ ಸೊಕ್ಕು ಬರುತ್ತಿತ್ತು. ಸೊಕ್ಕು ಎಂದು ಈಗ ಅನ್ನುತ್ತೇನೆ. ಆಗ ಅದನ್ನು ವಿದ್ಯೆ ಎಂದುಕೊಂಡಿದ್ದೆ.

ಚನ್ನಬಸಪ್ಪನವರು ಊರಿನಲ್ಲಿ ಜವಳಿ ಅಂಗಡಿ ಇಟ್ಟವರು, ಹೊಲವೂ ಇತ್ತು. ಅವರ ಮಗಳು ಶಾಂತಾ ನನ್ನ ಕೈಯಲ್ಲಿ ಏಳನೆಯ ಇಯತ್ತೆ ಪಾಸಾದವಳು. ಕಿಲೋಮೀಟರು, ಕಿಲೋಗ್ರಾಮು ಹೊಸದಾಗಿ ಪುಸ್ತಕಕ್ಕೆ ಬಂದ ವರ್ಷ ಅವಳದೇ ತರಗತಿಯಿಂದ ನಾನು ಅವನ್ನು ಕಲಿಸಲು ಸುರುಮಾಡಿದ್ದೆ. ಲೆಕ್ಕದಲ್ಲಿ ಅವಳಷ್ಟು ಚುರುಕಾದವರು ಆ ವರ್ಷ ಬೇರೆ ಯಾರೂ ಇರಲಿಲ್ಲ. ಅವಳಿಗೆ ಸನಮಡಿಯ ಸಂಗಪ್ಪನವರ ಮಗ ಗುರುಪಾದನನ್ನು ನಿಶ್ಚಯ ಮಾಡಿದ್ದರು. ಗುರುಪಾದ ಸಾಂಗ್ಲಿಯ ಕಡೆ ಪಂಪು ಮಾಡುವ ಒಂದು ಕಾರ್ಖಾನೆಯಲ್ಲಿ ಫಿಟರ್ ಆಗಿದ್ದ. ಕಲಕತ್ತೆಯ ಒಂದು ಗಿರಣಿಯಲ್ಲಿ ಪಂಪು ಕೂಡಿಸಲು ಅವನನ್ನು ಕಳಿಸಿದ್ದರು. ಹೋಗುವ ಮೊದಲು ಹುಡುಗಿಯನ್ನು ನೋಡಲು ಬಂದಾಗ ಅವನು ಅವಳನ್ನು ಕೇಳಿದ್ದು, ಯಾವ ಯಾವ ಪುಸ್ತಕ ಓದಿದ್ದೀ ಎಂದು. ಹಾಗೆ ಕೇಳಿದ ಗಂಡು ನಮ್ಮ ಕಡೆ ಇನ್ನೊಬ್ಬನಿರಲಿಕ್ಕಿಲ್ಲ. ಶಾಂತಾ ಅದನ್ನು ಗೆಳತಿಯರಿಗೆ ಹೇಳಿ, ಅವರು ತಮ್ಮ ತಮ್ಮ ಮನೆಯಲ್ಲಿ ಹೇಳಿ, ಆ ಮಾತು ನನ್ನವರೆಗೂ ಬಂದಿತ್ತು.

ಆಷಾಢಕ್ಕೆ ಮೊದಲಿನ ಕೊನೆಯ ಮುಹೂರ್ತ ಒಂದು ಮಂಗಳವಾರ ಇತ್ತು. ಅದು ತಪ್ಪಿದರೆ ದೀಪಾವಳಿ ಆಗುವವರೆಗೆ ಇಲ್ಲ. ಗುರುಪಾದ ವೈಶಾಖದಲ್ಲಿಯೇ ಬರಬೇಕಾಗಿದ್ದವನು, ಕೆಲಸ ಮುಗಿಯಲಿಲ್ಲ. ಮದುವೆಗೆ ಹತ್ತು ದಿನ ಉಳಿದಾಗ ಅವನ ಕಾಗದ ಬಂದಿತು. ಸೋಮವಾರ ಮಧ್ಯಾಹ್ನ ಕೆಲಸದಿಂದ ಬಿಡುತ್ತಾರೆ. ತಡ ಮಾಡಿದ್ದು ತಾವೇ ಎಂದು ಸಾಹೇಬರು ಮುಂಬಯಿಯವರೆಗೆ ವಿಮಾನದ ಟಿಕೀಟು ಕೊಡಿಸಿದ್ದಾರೆ. ಸಂಜೆ ಐದೂವರೆಗೆ ಕಲಕತ್ತೆ ಬಿಡುತ್ತದೆ. ಮಂಗಳವಾರ ಊರು ಮುಟ್ಟುತ್ತೇನೆ. ಇಷ್ಟೇ ಇತ್ತು. ಎಷ್ಟು ಹೊತ್ತಿಗೆ ಮುಟ್ಟುತ್ತೇನೆ ಎಂದು ಬರೆದಿರಲಿಲ್ಲ. ಅವನಾದರೂ ವಿಮಾನ ಹತ್ತಿದವನಲ್ಲ.

ಮಠದ ಅಯ್ಯನವರು ಆ ದಿನಕ್ಕೆ ಎರಡು ಹೊತ್ತು ಹೇಳಿದ್ದರು. ಮಧ್ಯಾಹ್ನ ಹನ್ನೆರಡೂ ಮೂವತ್ತೈದು, ಇಲ್ಲವೆ ಸಂಜೆಯ ಗೋಧೂಳಿ. ಜತ್ತದ ಪ್ರೆಸ್ಸಿನವನು ಲಗ್ನಪತ್ರಿಕೆಗೆ ಹೊತ್ತು ಕೇಳುತ್ತಿದ್ದ. ಚನ್ನಬಸಪ್ಪನವರಿಗೆ ಮಧ್ಯಾಹ್ನವೇ ಬೇಕಾಗಿತ್ತು, ಏಕೆಂದರೆ ಅಥಣಿ ಕಡೆಯಿಂದ ಬರುವ ನೆಂಟರು ಉಂಡು ಸಂಜೆಯ ಬಸ್ಸಿಗೆ ಹೊರಡಬೇಕು, ಆ ಗಾಳಿಯಲ್ಲಿ ಕತ್ತಲಾದ ಮೇಲೆ ಹಂದರದಲ್ಲಿ ಒಂದೂ ದೀಪ ನಿಲ್ಲುವುದಿಲ್ಲ. ಸಂಗಪ್ಪನವರು ಗೋಧೂಳಿಯೇ ಇರಲಿ ಎಂದರು. ಮಗ ದೂರದಿಂದ ಬರುವವನು, ಹೊತ್ತು ಮುಂದೆ ಇದ್ದಷ್ಟೂ ಚಲೋ ಎಂಬುದು ಅವರ ಮಾತು. ಇಬ್ಬರಿಗೂ ಸರಿಹೋಗಲಿಲ್ಲ. ಮಾಸ್ತರರು ಹೇಳಿದಂತೆ ಆಗಲಿ ಎಂದು ಮೂವರೂ ಶಾಲೆಗೆ ಬಂದರು.

ಶಾಂತಾ ತಂದೆಯ ಹಿಂದೆ ಮಜ್ಜಿಗೆಯ ತಂಬಿಗೆ ಹಿಡಿದು ಬಂದಿದ್ದಳು. ಬಾಗಿಲಲ್ಲಿ ನಿಂತಳು. ನನ್ನ ಮೇಜಿನಲ್ಲಿ ದಾರ ಇರಲಿಲ್ಲ. ಅವಳು ತಾನು ಹೊಲಿಯುತ್ತಿದ್ದ ಕೌದಿಯ ದಾರ ಸೆರಗಿನ ತುದಿಗೆ ಸುತ್ತಿಕೊಂಡಿದ್ದಳು, ನಕಾಶೆಯ ಹತ್ತಿರ ಬಂದು ಅದನ್ನೇ ಹರಿದು ಕೊಟ್ಟಳು. ಕೆಂಪು ದಾರ. ನಾನು ಒಂದು ತುದಿಯನ್ನು ಕಲಕತ್ತೆಯ ಮೇಲೆ ಇಟ್ಟೆ, ಇನ್ನೊಂದನ್ನು ಮುಂಬಯಿಗೆ ಎಳೆದೆ.

"ಗುರುಗಳ, ವಿಮಾನ ಹಿಂಗ ದಾರ ಎಳದಂಗ ಸೀದಾ ಹೊಕ್ಕೈತೇನ್ರಿ?" ಎಂದು ಶಾಂತಾ ಕೇಳಿದಳು.

ಹೌದು, ಆಕಾಶದಲ್ಲಿ ಗುಡ್ಡವಿಲ್ಲ, ಹಳ್ಳವಿಲ್ಲ, ಸುತ್ತಿ ಹೋಗುವ ಕಾರಣವಿಲ್ಲ ಎಂದೆ. ಕುಳಿತವರೆಲ್ಲ ತಲೆದೂಗಿದರು. ದಾರವನ್ನು ಅಳತೆಪಟ್ಟಿಗೆ ಹಿಡಿದೆ. ಸಾವಿರದ ಮೂವತ್ತು ಬಂದಿತು. ವಿಮಾನ ತಾಸಿಗೆ ಎಂಟುನೂರು ಕಿಲೋಮೀಟರು ಹೋಗುತ್ತದೆಂದು ಮರಾಠಿ ಪೇಪರಿನಲ್ಲಿ ಓದಿದ್ದೆ. ಹಲಗೆಯ ಮೇಲೆ ಭಾಗಿಸಿ ತೋರಿಸಿದೆ. ಒಂದು ತಾಸು ಹದಿನೇಳು ನಿಮಿಷ. ಐದೂವರೆಗೆ ಹೊರಟರೆ ಏಳಕ್ಕೆ ಇನ್ನೂ ಹದಿಮೂರು ನಿಮಿಷ ಇರುವಾಗ ಮುಂಬಯಿ. ರಾತ್ರಿ ಒಂಬತ್ತರ ಗಾಡಿಗೆ ಬೇಕಾದಷ್ಟು ಹೊತ್ತು. ಪುಣೆಯಲ್ಲಿ ಗಾಡಿ ಬದಲಿಸಿ ಬೆಳಿಗ್ಗೆ ಏಳಕ್ಕೆ ಮಿರಜ, ಬಸ್ಸಿನಲ್ಲಿ ಹತ್ತೂ ಕಾಲಿಗೆ ಜತ್ತ, ಹನ್ನೊಂದೂ ಕಾಲಿಗೆ ಬಿಳೂರು. ಹನ್ನೆರಡೂ ಮೂವತ್ತೈದಕ್ಕೆ ವರ ಸ್ನಾನ ಮಾಡಿ, ಬಾಸಿಂಗ ಕಟ್ಟಿಕೊಂಡು ನಿಂತಿರುತ್ತಾನೆ ಎಂದೆ.

"ಬಿಳೂರ ಮ್ಯಾಲ ಬಂದಾಗ ಜಿಗದಬಿಡು ಅಂತ ಹೇಳ್ರಿ. ಹಂದರ ಹಿಡಿತೈತಿ," ಎಂದು ಅಯ್ಯನವರು ನಗೆಯಾಡಿದರು. ಸಂಗಪ್ಪನವರು ಮಾತ್ರ ನಗಲಿಲ್ಲ. ಸಂಜೆಗೆ ಇಟ್ಟರೆ ನಡೆಯುವುದಿಲ್ಲವೇ ಎಂದು ಇನ್ನೊಮ್ಮೆ ಮೆಲ್ಲಗೆ ಕೇಳಿದರು. ಲೆಕ್ಕ ಹಲಗೆಯ ಮೇಲೆ ಇದೆಯಲ್ಲ ಎಂದೆ. ಅವರು ಅಕ್ಷರ ಬಲ್ಲವರಲ್ಲ. ಹಲಗೆ ನೋಡಿದರು, ಆಗಲಿ ಎಂದರು. ಗುರುಪಾದನಿಗೆ ಅಂಚೆ ಕಚೇರಿಯಿಂದ ಕಳಿಸುವ ತಾರು ಬರೆದವನೂ ನಾನೇ. ಮುಹೂರ್ತ ಇಷ್ಟಕ್ಕೆ, ಮುಂಬಯಿಯಲ್ಲಿ ರಾತ್ರಿಯ ಗಾಡಿ ಸಿಗುತ್ತದೆ ಎಂದು ಬರೆದೆ.

ಮದುವೆಗೆ ಮುಂಚಿನ ಶುಕ್ರವಾರ ಏಳನೆಯ ಇಯತ್ತೆಗೆ ಭೂಗೋಳ ಕಲಿಸುತ್ತಿದ್ದೆ. ಆ ವರ್ಷದ ಹೊಸ ಪುಸ್ತಕದಲ್ಲಿ ದೊಡ್ಡ ಊರುಗಳ ನಡುವಿನ ರೈಲು ಹಾದಿಯ ಅಂತರ ಕೊಟ್ಟಿದ್ದರು. ಮುಂಬಯಿಯಿಂದ ಕಲಕತ್ತೆಗೆ ಹತ್ತಿರ ಹತ್ತಿರ ಎರಡು ಸಾವಿರ ಕಿಲೋಮೀಟರು ಎಂದಿತ್ತು. ರೈಲು ಸುತ್ತಿ ಹೋಗುತ್ತದೆ, ನಿಜ. ಆದರೆ ನನ್ನ ಸಾವಿರದ ಮೂವತ್ತರ ಹತ್ತಿರ ಹತ್ತಿರ ಎರಡು ಪಟ್ಟು ಸುತ್ತುವುದಿಲ್ಲ. ಮಕ್ಕಳಿಗೆ ಬರೆಯಲು ಕೊಟ್ಟು ನಕಾಶೆಯ ಹತ್ತಿರ ಹೋದೆ. ಅದು ಜತ್ತ ಸಂಸ್ಥಾನದ ಕಾಲದ ನಕಾಶೆ. ಅಳತೆಪಟ್ಟಿಯ ಕೆಳಗೆ ಮರಾಠಿಯಲ್ಲಿ ಸಣ್ಣ ಅಕ್ಷರದಲ್ಲಿ ಮೈಲು ಎಂದು ಬರೆದಿತ್ತು. ಏಳು ವರ್ಷದಿಂದ ಅದನ್ನು ನೋಡುತ್ತಿದ್ದೆ. ಮೈಲನ್ನು ಕಿಲೋಮೀಟರಿನಿಂದ ಭಾಗಿಸಿಬಿಟ್ಟಿದ್ದೆ.

ಮತ್ತೆ ಲೆಕ್ಕ ಮಾಡಿದೆ. ಎರಡು ತಾಸು ನಾಲ್ಕು ನಿಮಿಷ. ನಲವತ್ತೇಳು ನಿಮಿಷದ ತಪ್ಪು. ಹಲಗೆಯ ಮೇಲೆ ಮಾಡಲಿಲ್ಲ, ಒಂದು ಚೀಟಿಯ ಮೇಲೆ ಮಾಡಿದೆ, ಆಮೇಲೆ ಆ ಚೀಟಿಯನ್ನು ಹರಿದೆ.

ಆ ಸಂಜೆ ಚನ್ನಬಸಪ್ಪನವರ ಮನೆಗೆ ಹೋದೆ. ಹೇಳಬೇಕೆಂದೇ ಹೋದೆ, ಇದು ಸುಳ್ಳಲ್ಲ. ಅಂಗಳದಲ್ಲಿ ಹಂದರ ಎಬ್ಬಿಸುತ್ತಿದ್ದರು. ಗಾಳಿಗೆ ಹಾರಬಾರದೆಂದು ನಾಲ್ಕೂ ಕಡೆ ಹಗ್ಗಕ್ಕೆ ಕಲ್ಲು ಕಟ್ಟುತ್ತಿದ್ದರು. ಪಡಸಾಲೆಯಲ್ಲಿ ಹೆಂಗಸರು ಅಕ್ಕಿ ಆರಿಸುತ್ತಿದ್ದರು. ಶಾಂತಾ ಅವರ ನಡುವೆ ಇದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ಬರ್ರಿ ಗುರುಗಳ, ಕುಂದ್ರಿ," ಎಂದರು ಚನ್ನಬಸಪ್ಪನವರು. "ಹಂದರ ಗೂಟದ ಮ್ಯಾಲ ನಿಂತಿಲ್ಲ ನೋಡ್ರಿ. ನಿಮ್ಮ ಲೆಕ್ಕದ ಮ್ಯಾಲ ನಿಂತೈತಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಲಗ್ನಪತ್ರಿಕೆಗಳು ಅಚ್ಚಾಗಿ ಬಂದಿದ್ದವು. ಒಂದಕ್ಕೆ ಅರಿಷಿಣ ಹಚ್ಚಿ ನನ್ನ ಕೈಗೇ ಮೊದಲು ಕೊಟ್ಟರು. ಚಹಾ ಕುಡಿದೆ. ಕುಡಿಯುವಾಗ ಮನಸ್ಸಿನಲ್ಲಿ ಹೊಸ ಲೆಕ್ಕ ನಡೆದಿತ್ತು. ಏಳೂವರೆಯ ಮೇಲೆ ನಾಲ್ಕು ನಿಮಿಷಕ್ಕೆ ಇಳಿಯುತ್ತಾನೆ, ಗಾಡಿ ಒಂಬತ್ತಕ್ಕೆ, ಇನ್ನೂ ಒಂದು ತಾಸು ಇಪ್ಪತ್ತಾರು ನಿಮಿಷ ಉಳಿಯಿತು. ತಪ್ಪಾಗಿದೆ, ಆದರೆ ಕೆಡುವಂಥ ತಪ್ಪಲ್ಲ. ಇದನ್ನು ಹೇಳಿ ಎಲ್ಲರನ್ನೂ ಏಕೆ ಗಾಬರಿಗೊಳಿಸಬೇಕು? ಗೋಧೂಳಿಗೆ ಬದಲಿಸಿ ಎಂದರೆ ಅಚ್ಚಾದ ಪತ್ರಿಕೆ ಏನಾಗಬೇಕು? ಹೀಗೆ ನನಗೆ ನಾನೇ ಹೇಳಿಕೊಂಡೆ. ಅದರ ಕೆಳಗಿದ್ದ ನಿಜ ಬೇರೆ ಇತ್ತು. ಮಾಸ್ತರರಿಗೆ ಮೈಲು, ಕಿಲೋಮೀಟರು ಗೊತ್ತಾಗಲಿಲ್ಲ ಎಂದು ಊರು ನಗುವುದು ನನಗೆ ಬೇಡವಾಗಿತ್ತು. ಬಟ್ಟಲು ಕೆಳಗಿಟ್ಟು ಎದ್ದು ಬಂದೆ.

ಇನ್ನೊಂದು ತಪ್ಪು ಆಗಲೂ ನನಗೆ ತಿಳಿದಿರಲಿಲ್ಲ. ನನ್ನ ನಕಾಶೆಯಲ್ಲಿ ಮುಂಬಯಿ ಒಂದು ಚುಕ್ಕೆ. ವಿಮಾನ ಆ ಚುಕ್ಕೆಗೆ ಬರುತ್ತದೆ, ಗಾಡಿ ಆ ಚುಕ್ಕೆಯಿಂದ ಹೊರಡುತ್ತದೆ. ಚುಕ್ಕೆಯೊಳಗೆ ಒಂದು ತುದಿಯಿಂದ ಇನ್ನೊಂದಕ್ಕೆ ಒಂದೂವರೆ ತಾಸಿನ ಹಾದಿ ಇರಬಹುದೆಂದು ನಾನು ಕನಸಿನಲ್ಲಿಯೂ ನೆನೆಸಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಶಾಂತಾಳಿಗೆ ಸುರಗಿ ಆಯಿತು. ನಾಲ್ಕು ಕಡೆ ತಂಬಿಗೆ ಇಟ್ಟು, ಸುತ್ತಲೂ ನೂಲು ಸುತ್ತಿ, ನಡುವೆ ಕೂರಿಸಿ ಎರೆದರು. ಸನಮಡಿಯವರು ಹಿಂದಿನ ದಿನವೇ ಬಂದು ಶಾಲೆಯಲ್ಲಿ ಇಳಿದಿದ್ದರು. ಹನ್ನೊಂದಕ್ಕೇ ಸಂಗಪ್ಪನವರು ಬಸ್ಸು ನಿಲ್ಲುವ ಬೇವಿನ ಮರದ ಕೆಳಗೆ ಹೋಗಿ ನಿಂತರು. ನಾನೂ ಹೋದೆ. ಬಸ್ಸು ಐದು ನಿಮಿಷ ತಡವಾಗಿ ಬಂದಿತು. ಇಬ್ಬರು ಹೆಂಗಸರು ಇಳಿದರು, ಬಾಳೆಯೆಲೆಯ ಹೊರೆಯೊಂದಿಗೆ ಒಬ್ಬ ಗಂಡಸು ಇಳಿದ. ಬಸ್ಸು ಹೊರಟಿತು. ಸಂಗಪ್ಪನವರು ಅದು ತಿರುವು ದಾಟುವವರೆಗೂ ಅದರ ಹಿಂಭಾಗವನ್ನೇ ನೋಡುತ್ತಿದ್ದರು.

ಮುಂದಿನ ಬಸ್ಸು ಸಂಜೆ ಆರಕ್ಕೆ.

ಹಂದರದಲ್ಲಿ ಮಾತು ಎದ್ದಿತು. ಮೊದಲು ಗಾಡಿ ತಪ್ಪಿರಬೇಕೆಂದರು. ಆಮೇಲೆ ಯಾರೋ ವಿಮಾನ ಬಿದ್ದಿರಬೇಕೆಂದರು. ಆ ಮಾತು ಹೆಂಗಸರ ಕಡೆಗೆ ಹೋಗಿ ಬರುವಷ್ಟರಲ್ಲಿ, ಬಿದ್ದೇ ಬಿದ್ದಿತೆಂದು ಆಯಿತು. ಸುರಗಿ ಆಗಿ ಬಾಸಿಂಗ ಕಟ್ಟಿದ ಹುಡುಗಿ, ಮುಹೂರ್ತಕ್ಕೆ ಮೊದಲೇ ವರನನ್ನು ತಿಂದಳು ಎಂದು ನಾಳೆ ಜನ ಅನ್ನುತ್ತಾರೆ, ಆಮೇಲೆ ಆಕೆಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಒಬ್ಬ ಮುದುಕಿ ಅತ್ತಳು. ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಒಂದು ದಾರಿ ಇದೆ. ಸೋದರಮಾವ ಇದ್ದರೆ ಅವನನ್ನೇ ಮಣೆಯ ಮೇಲೆ ನಿಲ್ಲಿಸಿ ಅಕ್ಕಿಕಾಳು ಹಾಕಿಬಿಡುತ್ತಾರೆ. ಶಾಂತಾಳ ತಾಯಿಯ ತಮ್ಮ ಮಲ್ಲಪ್ಪ ಕರಜಗಿಯವನು. ಮೂವತ್ತನಾಲ್ಕು ವರ್ಷ. ಹೆಂಡತಿ ತೀರಿಹೋಗಿ ಎರಡು ವರ್ಷವಾಗಿತ್ತು, ಒಬ್ಬ ಸಣ್ಣ ಮಗಳಿದ್ದಳು. ಆ ದಿನ ಅವನು ಅಡುಗೆಯ ಕಡೆ ನೋಡಿಕೊಳ್ಳುತ್ತಿದ್ದ. ಅವನನ್ನು ಕರೆದರು. ಹುಡುಗಿಯನ್ನು ಒಂದು ಮಾತು ಕೇಳಿರಿ ಎಂದು ಅವನೊಬ್ಬನೇ ಅಂದ. ಯಾರೂ ಕೇಳಲಿಲ್ಲ.

ಹನ್ನೆರಡು ದಾಟಿತ್ತು. ಚನ್ನಬಸಪ್ಪನವರು ನನ್ನ ಹತ್ತಿರ ಬಂದರು. ಅವರ ಹಿಂದೆ ಸಂಗಪ್ಪನವರು. ಶಾಂತಾ ಹತ್ತು ಹೆಜ್ಜೆ ದೂರದಲ್ಲಿ ಕಂಬದ ಬದಿಗೆ ಮಣೆಯ ಮೇಲೆ ಕುಳಿತಿದ್ದಳು.

"ಗುರುಗಳ, ನೀವೊಂದ ಮಾತ ಹೇಳ್ರಿ," ಎಂದರು ಚನ್ನಬಸಪ್ಪನವರು. "ಗೋಧೂಳಿಮಟಾ ತಡೀಲೋ, ಬ್ಯಾಡೋ?"

"ಹೊತ್ತ ಹೆಚ್ಚು ಕಡಿಮಿ ಆಗಿರಬೌದಲ್ರಿ, ಗುರುಗಳ?" ಎಂದರು ಸಂಗಪ್ಪನವರು. ಅವರು ಕೈ ಮುಗಿದಿರಲಿಲ್ಲ, ಆದರೆ ಎರಡೂ ಕೈ ಎದೆಯ ಹತ್ತಿರ ಬಂದಿದ್ದವು. "ನೀವಂದ್ರ ಮಂದಿ ಕೇಳ್ತಾರ."

ಅದು ನಿಜ. ನಾನು ಅಂದರೆ ಕೇಳುತ್ತಿದ್ದರು. ನನ್ನ ಲೆಕ್ಕ ತಪ್ಪಿದೆ, ಮೈಲಿಗೆ ಕಿಲೋಮೀಟರು ಹಿಡಿದೆ, ಅವನು ಗಾಡಿ ತಪ್ಪಿಸಿಕೊಂಡಿರಬೇಕು, ಸಂಜೆಯೊಳಗೆ ಬರುತ್ತಾನೆ. ಇಷ್ಟು ಹೇಳಿದ್ದರೆ ಸಾಕಾಗಿತ್ತು. ಸುತ್ತ ಐವತ್ತು ಜನ ನಿಂತಿದ್ದರು. ನನ್ನ ವಿದ್ಯಾರ್ಥಿಗಳಿದ್ದರು, ಅವರ ತಂದೆಯರಿದ್ದರು, ಅಥಣಿಯ ಕಡೆಯ ಇಬ್ಬರು ಮಾಸ್ತರರೂ ಇದ್ದರು.

ನಾನು ಹೇಳಿದ್ದು ಇದು: "ಲೆಕ್ಕ ತಪ್ಪಿಲ್ಲ. ವಿಮಾನ ಹತ್ತಿದ್ದರ ಬರಬೇಕಾಗಿತ್ತು."

ಆ ಮಾತಿನ ಅರ್ಥವನ್ನು ನಾನು ಬಿಡಿಸಿ ಹೇಳಲಿಲ್ಲ, ಅವರೇ ಬಿಡಿಸಿಕೊಂಡರು. ಹತ್ತಿಲ್ಲವೆಂದರೆ ಅವನಿಗೆ ಮನಸ್ಸಿಲ್ಲ. ಹತ್ತಿ ಬರಲಿಲ್ಲವೆಂದರೆ ಅವನಿಲ್ಲ. ಎರಡರಲ್ಲಿ ಯಾವುದಾದರೂ ಗೋಧೂಳಿಯವರೆಗೆ ಕಾಯುವುದರಲ್ಲಿ ಹುರುಳಿಲ್ಲ. ಸಂಗಪ್ಪನವರ ಕೈ ಕೆಳಗೆ ಇಳಿದವು. ನಾನು ಆಗ ಶಾಂತಾಳ ಕಡೆಗೆ ನೋಡಲಿಲ್ಲ. ಹಂದರದ ಹಗ್ಗಕ್ಕೆ ಕಟ್ಟಿದ ಕಲ್ಲು ಗಾಳಿಗೆ ನೆಲವನ್ನು ಕೆರೆಯುತ್ತಿತ್ತು, ಅದನ್ನು ನೋಡುತ್ತಿದ್ದೆ.

ಹನ್ನೆರಡೂ ಮೂವತ್ತೈದಕ್ಕೆ ಸರಿಯಾಗಿ ಅಕ್ಕಿಕಾಳು ಬಿದ್ದವು. ನನ್ನ ಮುಷ್ಟಿಯಲ್ಲಿಯೂ ಇದ್ದವು. ಹಾಕಿದೆ.

ಸನಮಡಿಯವರು ಉಣ್ಣಲಿಲ್ಲ. ಶಾಲೆಗೆ ಹೋಗಿ ಗಂಟು ಕಟ್ಟತೊಡಗಿದರು. ಸಂಗಪ್ಪನವರ ಹೆಂಡತಿ ಮಗ ಸತ್ತನೆಂದು ತಿಳಿದು ಗೋಡೆಗೆ ತಲೆ ಇಟ್ಟು ಅಳುತ್ತಿದ್ದರು. ಎತ್ತಿನ ಗಾಡಿ ಹೊಂದಿಸುವುದರಲ್ಲಿ ಹೊತ್ತು ಹೋಯಿತು. ಐದೂ ಕಾಲಿಗೆ ಹಂಚಿನ ಲಾರಿಯೊಂದು ಶಾಲೆಯ ಮುಂದೆ ನಿಂತಿತು. ಅದರ ಮೇಲಿನಿಂದ ಗುರುಪಾದ ಇಳಿದ. ಮೈತುಂಬ ಕೆಂಪು ಪುಡಿ. ಕೈಯಲ್ಲಿ ಒಂದು ಸಣ್ಣ ಚೀಲ. ಗೋಧೂಳಿಗೆ ಇನ್ನೂ ಒಂದೂವರೆ ತಾಸಿತ್ತು.

ಅವನ ತಾಯಿ ಅವನ ಮುಖವನ್ನು ಎರಡೂ ಕೈಯಿಂದ ತಡವಿ ನೋಡಿದರು. ಆಮೇಲೆ ಯಾರೋ ಅವನಿಗೆ ಆದದ್ದನ್ನು ಹೇಳಿದರು. ಅವನು ಒಮ್ಮೆ ಹಂದರದ ಕಡೆಗೆ ನೋಡಿದ. ಅಲ್ಲಿ ಊಟದ ಕೊನೆಯ ಪಂಕ್ತಿ ಕುಳಿತಿತ್ತು. ಅವನು ಅತ್ತ ಹೋಗಲಿಲ್ಲ. ಬಾವಿಗೆ ಹೋಗಿ ಮುಖ ತೊಳೆದುಕೊಂಡ. ಒರೆಸಿಕೊಳ್ಳದೆ ನನ್ನ ಹತ್ತಿರ ಬಂದು, ನನ್ನ ಕಾಲು ಮುಟ್ಟಿದ.

"ವಿಮಾನ ಇಳದಾಗ ಎಂಟ ಆಗಿತ್ರಿ, ಗುರುಗಳ," ಎಂದ. "ಅಲ್ಲಿಂದ ಸ್ಟೇಶನ್ ಅಷ್ಟ ದೂರ ಐತಿ ಅಂತ ನನಗ ತಿಳದಿರಲಿಲ್ಲ. ಓಡಿ ಹೋದ್ನಿ, ಗಾಡಿ ಬಿಟ್ಟು ಭಾಳ ಹೊತ್ತಾಗಿತ್ತು. ಅದರ ಹಿಂದಿನ ಗಾಡಿಗೆ ಬಂದ್ನಿ. ನಿಮ್ಮ ಲೆಕ್ಕಾ ನಾ ಕೆಡಿಸಿದ್ನಿ."

ನಾನು ಅವನ ಬೆನ್ನ ಮೇಲೆ ಕೈ ಇಟ್ಟೆ. ನೋಡಿದವರಿಗೆ ಗುರುಗಳು ಸಮಾಧಾನ ಮಾಡಿದರು ಎಂದೇ ಕಂಡಿರಬೇಕು.

ಊರಿಗೆ ಒಂದು ಕಾರಣ ಬೇಕಾಗಿತ್ತು. ವಿಮಾನ ಬಿದ್ದಿಲ್ಲ, ಮಾಸ್ತರರ ಲೆಕ್ಕ ತಪ್ಪಿಲ್ಲ, ಹಾಗಾದರೆ ಹುಡುಗ ಬೇಕೆಂದೇ ತಡೆದು ಬಂದ. ಕಲಕತ್ತೆಯಲ್ಲಿ ಒಬ್ಬಳನ್ನು ಇಟ್ಟುಕೊಂಡಿದ್ದಾನೆ ಎಂದು ಆಷಾಢ ಬರುವುದರೊಳಗೆ ಜತ್ತದ ಸಂತೆಯಲ್ಲಿ ಕೇಳಿದೆ. ನನ್ನ ಎದುರಿನಲ್ಲಿಯೇ ಅಂದರು. ನಾನು ಬದನೆಕಾಯಿ ಆರಿಸುತ್ತ ನಿಂತಿದ್ದೆ. ಅವನಿಗೆ ನಮ್ಮ ಕಡೆ ಮತ್ತೆ ಹೆಣ್ಣು ಸಿಗಲಿಲ್ಲ. ನಾಲ್ಕು ವರ್ಷದ ಮೇಲೆ ದೂರದ ಎಲ್ಲಿಯೋ ಮದುವೆಯಾಯಿತು, ಊರಿಗೆ ಬರುವುದನ್ನೇ ಬಿಟ್ಟ ಎಂದು ಕೇಳಿದೆ. ಆ ವರ್ಷ ಮಳೆ ತಡವಾಗಿ ಬಂದರೂ ಚಲೋ ಬಂದಿತು. ಸಜ್ಜೆ ಆಳೆತ್ತರ ಬೆಳೆದಿತ್ತು. ನಾನು ನಕಾಶೆಯನ್ನು ಸುತ್ತಿ ಕಪಾಟಿನಲ್ಲಿಟ್ಟೆ. ದೂರ ಕೇಳಲು ಬಂದವರಿಗೆ ನನಗೆ ಗೊತ್ತಿಲ್ಲ ಎನ್ನತೊಡಗಿದೆ. ಅದನ್ನು ಜನ ವಿನಯ ಎಂದರು.

ಎಪ್ಪತ್ತಾರನೆಯ ಇಸವಿಯಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆಂದು ನನ್ನನ್ನು ಕರಜಗಿಗೆ ಹಾಕಿದರು. ಮೂರು ದಿನ ಶಾಂತಾಳ ಮನೆಯ ಓಣಿಯನ್ನು ಬಿಟ್ಟು ಸುತ್ತಿ ನಡೆದೆ. ಮೂರನೆಯ ದಿನ ಅವಳೇ ಮಲ್ಲಪ್ಪನನ್ನು ಕಳಿಸಿ ಊಟಕ್ಕೆ ಕರೆಸಿದಳು. ಅವನ ಮೊದಲ ಹೆಂಡತಿಯ ಮಗಳು ದೊಡ್ಡವಳಾಗಿದ್ದಳು, ಶಾಂತಾಳಿಗೆ ಇಬ್ಬರು ಗಂಡುಮಕ್ಕಳಿದ್ದರು. ಮಲ್ಲಪ್ಪ ನನಗೆ ಉಪಚಾರ ಮಾಡಿ ಬಡಿಸಿದ. ಅವನು ಒಳ್ಳೆಯ ಮನುಷ್ಯ. ಉಂಡ ಮೇಲೆ ಎಮ್ಮೆ ಬಿಡಲು ಹೋದ. ಅವಳು ನನ್ನ ಎದುರು ಹೊಸ್ತಿಲ ಹತ್ತಿರ ಕುಳಿತಳು. ಮೈಲಿನ ಮಾತು ಹೇಳಿದೆ, ಶುಕ್ರವಾರದ ಚೀಟಿಯ ಮಾತು ಹೇಳಿದೆ, ಹಂದರದಲ್ಲಿ ಸುಳ್ಳು ಹೇಳಿದ್ದನ್ನು ಹೇಳಿದೆ. ಒಂದನ್ನೂ ಬಿಡಲಿಲ್ಲ.

ಅವಳು ನೆಲದ ಮೇಲೆ ಬಿದ್ದ ಒಂದು ಅನ್ನದ ಅಗುಳನ್ನು ಬೆರಳಿಗೆ ಅಂಟಿಸಿ ತೆಗೆದಳು.

"ನನಗ ಗೊತ್ತಿತ್ರಿ," ಎಂದಳು. "ದಾರಾ ಕೊಡಾಕ ಬಂದಾಗನ ನಾ ನಕಾಶಿ ಪಟ್ಟಿ ಕೆಳಗಿನ ಅಕ್ಷರಾ ಓದಿದ್ನಿ. ಮನೀಗ್ ಹೋಗಿ ಲೆಕ್ಕಾ ಮಾಡಿದ್ನಿ. ಮೈಲನ್ನ ಕಿಲೋಮೀಟರ ಮಾಡೂದು ನೀವ ಕಲಿಸಿದ್ರಿ. ಹಿರ್ಯಾರ ಮುಂದ ಗುರುಗಳ ತಪ್ಪ ಹೆಂಗ ತಗೀಲಿ? ಗುರುಗಳ ತಿದ್ದತಾರ ಅಂತ ಕಾದ್ನಿ. ಆ ಶುಕ್ರವಾರ ನೀವು ಬಂದ್ರೆಲ್ಲ, ಅದಕ್ಕ ಬಂದ್ರಿ ಅಂತ ತಿಳದಿದ್ನಿ."

ಮಲ್ಲಪ್ಪನವರಿಗೂ ನಿನ್ನ ತಂದೆಯವರಿಗೂ ಹೇಳುತ್ತೇನೆ, ಎಲ್ಲರೆದುರು ಹೇಳುತ್ತೇನೆ ಎಂದೆ. ಅವಳು ತಲೆ ಎತ್ತಿದಳು.

"ಇಲ್ಲಿ ಹೇಳಬ್ಯಾಡ್ರಿ," ಎಂದಳು. "ನಮ್ಮ ಮನಿಯವರು ಕೇಳಿದ್ರ, ತಾವು ಮತ್ತೊಬ್ಬರ ಜಾಗಾದಾಗ ಕುಂತೀವಿ ಅಂತ ದಿನಾ ಸಾಯ್ತಾರ. ಅವರದೇನ ತಪ್ಪೈತಿ? ನಮ್ಮ ಅಪ್ಪಗೂ ಬ್ಯಾಡ. ನಿಮಗ ಹಗುರ ಆಗಲಿ ಅಂತ ನಮ್ಮ ಮನಿ ಕದಡಬ್ಯಾಡ್ರಿ." ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. "ಹೇಳೂದಿದ್ರ ಸನಮಡಿಗೆ ಹೋಗಿ ಹೇಳ್ರಿ. ಅವರ ಮಗನ ಹೆಸರ ಕೆಟ್ಟೈತಿ. ಸಂಗಪ್ಪ ಮಾವ ಇನ್ನೂ ಅದಾನಂತ."

ಆ ಮಧ್ಯಾಹ್ನದ ಬಸ್ಸಿಗೆ ಕರಜಗಿಯಿಂದ ಹೊರಟೆ. ದಾರಿಯುದ್ದಕ್ಕೂ ಸಂಗಪ್ಪನವರಿಗೆ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ನಾಲ್ಕೇ ಮಾತು, ಅದಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ. ಜತ್ತದ ಸ್ಟ್ಯಾಂಡಿನಲ್ಲಿ ಇಳಿದಾಗ ಸನಮಡಿಯ ಕಡೆ ಹೋಗುವ ಬಸ್ಸು ನಿಂತಿತ್ತು. ಕಂಡಕ್ಟರ್ ಬಾಗಿಲ ಹತ್ತಿರ ಬೀಡಿ ಸೇದುತ್ತ ನಿಂತಿದ್ದ. ಸನಮಡಿ ಮುಟ್ಟಲು ಎಷ್ಟು ಹೊತ್ತು ಬೇಕೆಂದು ಅವನನ್ನು ಕೇಳಿದೆ.

"ಮುಕ್ಕಾಲು ತಾಸ್ರಿ," ಎಂದ. "ಹತ್ರಿ, ಜಾಗಾ ಐತಿ."

ಬಾಗಿಲ ಕಂಬಿ ಹಿಡಿದೆ. ಒಳಗೆ ಕಿಟಕಿಯ ಬದಿಗೆ ಒಂದು ಸೀಟು ಖಾಲಿ ಇತ್ತು, ನನಗೆ ಕಾಣುತ್ತಿತ್ತು. ನನ್ನ ಹಿಂದೆ ನಿಂತ ಹೆಂಗಸೊಬ್ಬಳು, ಹತ್ತುವುದಿದ್ದರೆ ಹತ್ತಿರಿ, ಇಲ್ಲದಿದ್ದರೆ ದಾರಿ ಬಿಡಿ ಎಂದಳು. ದಾರಿ ಬಿಟ್ಟೆ. ಆಕೆ ಹತ್ತಿದಳು. ಆಕೆಯ ಹಿಂದೆ ಇನ್ನಿಬ್ಬರು ಹತ್ತಿದರು. ಕಂಡಕ್ಟರ್ ಬೀಡಿ ಎಸೆದು ಇನ್ನೊಮ್ಮೆ ನನ್ನ ಮುಖ ನೋಡಿದ, ಬಾಗಿಲು ಎಳೆದುಕೊಂಡ. ಬಸ್ಸು ತಿರುಗಿ ರಸ್ತೆಗೆ ಬೀಳುವವರೆಗೆ ಅಲ್ಲಿಯೇ ನಿಂತಿದ್ದೆ. ಆಮೇಲೆ ಬಿಳೂರಿನ ಬಸ್ಸು ಎಲ್ಲಿ ನಿಲ್ಲುತ್ತದೆಂದು, ಹದಿನಾರು ವರ್ಷದಿಂದ ಹತ್ತಿ ಇಳಿದ ಸ್ಟ್ಯಾಂಡಿನಲ್ಲಿ, ಒಬ್ಬರನ್ನು ಕೇಳಿದೆ.